ಮೂರನೇ ದಿನದ ಗಿಣ್ಣದ ಬಣ್ಣ

ನಮ್ಮ ಸಂಘದ ಬೋಟಿನಲ್ಲಿ ಏಳು ಗಾದಿ. ಮೂರನ್ನು ಮಂಗ್ಯಾಗಳು ಹರಿದವು. ತಪ್ಪೆಲ್ಲ ಮಂಗ್ಯಾಗಳದ್ದೇ ಅಂತ ಹೇಳಲಾರೆ. ಬೋಟು ನಡೆಸುವಾಕೆ ನನ್ನ ಸೊಸೆ ನೇತ್ರಾವತಿ, ತಾನು ಕೂಡುವ ಗಾದಿಯ ಕೆಳಗೆ ಹುರಿದ ಶೇಂಗಾದ ಪೊಟ್ಟಣ ಮರೆತು ಬಂದಿದ್ದಳು. ಅವು ಅದನ್ನು ತಿಂದು, ಇನ್ನೂ ಇದ್ದೀತು ಅಂತ ಪಕ್ಕದ ಎರಡನ್ನೂ ಬಗೆದು ನೋಡಿದ್ದವು.

ಮುನಿರಾಬಾದ್ ಡ್ಯಾಮಿನ ಹಿನ್ನೀರಿನ ದಂಡೆಯ ಊರು ನಮ್ಮದು. ಹತ್ತು ಹೆಂಗಸರ ನಮ್ಮ ಸಂಘ ಕಾರವಾರದ ಕಡೆಯಿಂದ ಹಳೆಯ ಮೋಟರು ಬೋಟು ತಂದಿತ್ತು. ಅದನ್ನು ನಡೆಸಲು ಕಲಿತವಳು ನೇತ್ರಾವತಿ ಒಬ್ಬಳೇ. ಹೊಸದಾಗಿ ಲಾಡ್ಜ್ ಕಟ್ಟಿಸಿದ ಪಂಪಾಪತಿ ಸಾವ್ಕಾರ ತನ್ನಲ್ಲಿ ಇಳಿದ ಮಂದಿಯನ್ನು ನಮ್ಮ ಬೋಟಿಗೆ ಕಳಿಸುವ ಮಾತಾಡಿದ್ದ. ಹರಿದ ಗಾದಿ ನೋಡಿ, "ಇನ್ನ ಎರಡು ವಾರ ಬಿಟ್ಟು ಐತವಾರ ಬರ್ತೀನಿ. ತ್ಯಾಪಿ ಹಾಕಿದ ಬೋಟಿನ್ಯಾಗ ನನ್ನ ಮಂದೀನ ಕೂಡ್ಸಂಗಿಲ್ಲ ನೋಡ್ರಿ" ಅಂದು ಹೋದ. ಅವ ಒಲ್ಲೆ ಅಂದರೆ ಸಂಘದವರು ಬೋಟನ್ನು ಹೊಸಪೇಟೆಯವನೊಬ್ಬನಿಗೆ ಲೀಸಿಗೆ ಕೊಡುವವರಿದ್ದರು. ಅವನ ಬಳಿ ಅವನದೇ ಡ್ರೈವರು ಇದ್ದಾನೆ. ನೇತ್ರಾವತಿ ಮತ್ತೆ ಟೆಂಪೋ ಹತ್ತಿ ಮರಳಿ ಎಂಬ ಊರಿನ ಗದ್ದೆಗಳಿಗೆ ನಾಟಿಗೆ ಹೋಗಬೇಕಾಗುತ್ತಿತ್ತು.

ಆಕೆ ಅಳಲಿಲ್ಲ, ಆದರೆ ಎರಡು ದಿನ ಅನ್ನಕ್ಕೆ ಉಪ್ಪು ಹಾಕುವುದನ್ನು ಮರೆತಳು. ಮೂರನೇ ದಿನ ನಾನು ಒಂದು ಹರಿದ ಗಾದಿಯ ಹೊದಿಕೆ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಗಂಗಾವತಿ ಬಸ್ಸು ಹತ್ತಿದೆ. ಕೌದಿ ಹೊಲಿದ ಕೈ ನನ್ನದು. ಗಾದಿ ಹೊಲಿಯುವುದು ನನಗೆ ಕಷ್ಟ ಅನಿಸಲಿಲ್ಲ. ಹಳೆಯದರ ಬಣ್ಣಕ್ಕೆ ಹೊಸದನ್ನು ಕೂಡಿಸುವುದೇ ಕಷ್ಟ.

ಗಂಗಾವತಿಯಲ್ಲಿ ಮಕ್ಬುಲಸಾಬರದು ಸೀಟು ಹೊಲಿಯುವ ಅಂಗಡಿ. ಅವರು ಹೊದಿಕೆ ಮುಟ್ಟಿ ನೋಡಿ, ಹಿಂದಿನ ಗೋಡೆಯಿಂದ ಒಂದು ರೆಕ್ಸಿನ್ ಸುರುಳಿ ಎಳೆದರು. ಬಣ್ಣ ಕೂಡಿತ್ತು. ನಾನು ಅದನ್ನು ತಿರುವಿ ಹಿಂಬದಿ ನೋಡಿದೆ. ಹತ್ತಿ ಅರಿವೆ.

"ಇದು ನೀರಾಗ ಕೊಳಿತೈತ್ರಿ ಸಾಬ್ರ."

"ಹತ್ತು ವರ್ಷದಿಂದ ಟ್ರ್ಯಾಕ್ಟರಿಗೆ ಇದನ್ನ ಹಾಕೀನಿ ಯವ್ವಾ. ಒಬ್ರೂ ತಿರುಗಿ ಬಂದಿಲ್ಲ."

"ನಿಮ್ಮ ಟ್ರ್ಯಾಕ್ಟರು ಈಸ್ತಾವೇನ್ರಿ?"

ಮಕ್ಬುಲಸಾಬರು ನಕ್ಕು ಸುರುಳಿ ಮತ್ತೆ ಒಳಗಿಟ್ಟರು. "ಬೋಟಿಂದು ಬ್ಯಾರೇನ ಬರ್ತೈತಿ. ಹಿಂದ ನೈಲಾನ್ ಜಾಳಿಗಿ ಇರ್ತೈತಿ. ಬಿಸಿಲಿಗಿ ಬಿರಿಯಂಗಿಲ್ಲ, ಬೂಸ್ಟು ಹಿಡಿಯಂಗಿಲ್ಲ. ಹುಬ್ಬಳ್ಳಿಗೆ ಫೋನ್ ಹಚ್ತೀನಿ, ಮೂರು ದಿನ ಬಿಟ್ಟು ಬರ್ರಿ."

ಮೂರು ದಿನ ಬಿಟ್ಟು ಹೋದೆ. ಅಂಗೈಯಷ್ಟಗಲದ ನಾಲ್ಕು ತುಂಡು ಬಂದಿದ್ದವು. ಸಾಬರು ಹಳೆಯ ಹೊದಿಕೆಯ ಹೊಲಿಗೆಯೊಳಗೆ ಮಡಚಿದ್ದ ಅಂಚನ್ನು ಬಿಡಿಸಿ, ಅದಕ್ಕೆ ಒಂದು ತುಂಡು ಹಿಡಿದರು.

"ನೋಡ್ರಿ, ಇದ ಅಸಲಿ ಬಣ್ಣ. ತಾಯಿ ಮಗಳು ಇದ್ದಂಗ ಅದಾವ."

ನಾನು ನಾಲ್ಕನ್ನೂ ಎತ್ತಿಕೊಂಡು ಬೀದಿಗೆ ಬಂದೆ. ಟ್ಯೂಬ್‌ಲೈಟಿನ ಕೆಳಗೆ ಸೀರೆ ಆರಿಸಿದವಳು ಮನೆಗೆ ಬಂದು ಹಳಹಳಿಸುತ್ತಾಳೆ. ಬಿಸಿಲಿಗೆ ಹಿಡಿದೆ, ನೀರು ಚಿಮುಕಿಸಿ ಮತ್ತೊಮ್ಮೆ ಹಿಡಿದೆ. ಮಡಿಕೆಯೊಳಗಿನ ಬಣ್ಣ ಎಮ್ಮೆ ಈದ ಮೊದಲ ದಿನದ ಗಿಣ್ಣದಂತೆ ಹಳದಿಯಾಗಿತ್ತು. ಮೇಲಿನದು ವರ್ಷಗಟ್ಟಲೆ ಬಿಸಿಲುಂಡು ಮೂರನೇ ದಿನದ ಗಿಣ್ಣದಂತೆ ಬಿಳಚಿತ್ತು.

"ಇದು ಬೇಕ್ರಿ" ಅಂತ ಬಿಳಚಿದ ತುಂಡು ತೋರಿಸಿದೆ.

"ಅಸಲಿ ಅದಲ್ಲಬೇ."

"ಅಸಲಿ ಮಡಚಿಕೊಂಡು ಒಳಗ ಕುಂತೈತ್ರಿ, ಅದನ್ನ ನೋಡಾಕ ಯಾರು ಬರ್ತಾರ? ಇದರ ಪಕ್ಕ ಕೂಡೂ ಉಳಿದ ನಾಕು ಗಾದಿ ಬಿಸಿಲಿಗಿ ಮಾರಿ ಮಾಡಿ ಕುಂತಾವ."

ಅವರು ಮತ್ತೊಮ್ಮೆ ನೋಡಿ ತಲೆ ಆಡಿಸಿದರು. ಆ ಬಣ್ಣದ್ದು ಗೋದಾಮಿನಲ್ಲಿ ಸುರುಳಿಯ ಕೊನೆಯ ತುಂಡು ಮಾತ್ರ, ಒಂದೇ ಮೀಟರು ಇತ್ತು. ಹೊಸದು ಬರಲು ತಿಂಗಳು ಬೇಕು. "ಅಗಲ ಐತಿ, ಮೂರು ಗಾದಿಗೆ ಸಾಕಾಗ್ತೈತಿ. ಆದ್ರ ಕೆಳಗಿನ ಮಗ್ಗಲಕ್ಕ ಬ್ಯಾರೆ ಏನರ ಹಾಕ್ಕೋಬೇಕು" ಅಂದರು. ನಾನು ಹೂಂ ಅಂದೆ. ಆ ಮಾತು ತಲೆಗೆ ಇಳಿಯಲಿಲ್ಲ.

ಆ ಒಂದು ಮೀಟರಿನ ತುಂಡು ಕೈಗೆ ಬಂದಾಗ ಐತವಾರಕ್ಕೆ ಆರು ದಿನ ಉಳಿದಿದ್ದವು. ಅಂಗಳದಲ್ಲಿ ಹಾಸಿದೆ. ನನ್ನ ಗಂಡ ಹನುಮಣ್ಣ ಪಕ್ಕದಲ್ಲಿ ಬಂದು ಕೂತ. ಆತ ನಲವತ್ತು ವರ್ಷ ಹರಿಗೋಲು ಕಟ್ಟಿ ಹುಟ್ಟು ಹಾಕಿದವ. ಬಿದಿರಿನ ಬುಟ್ಟಿಗೆ ಚೀಲ ಹೊದಿಸಿ, ನಾನು ಹೊಲಿದು, ಆತ ಡಾಂಬರು ಬಳಿದು ನೀರಿಗಿಳಿಸುತ್ತಿದ್ದೆವು.

"ಕೆಳಗ ಬ್ಯಾರೆ ಅರಿವಿ ಹಾಕ್ಬ್ಯಾಡ" ಅಂದ. "ನೀರು ಕೆಳಗಿಂದನ ಬರೋದು. ಸುತ್ತಲೂ ಇದನ್ನ ಹೊದಿಸು, ಹೊಲಿಗಿಗೆ ಗಮ್ಮು ಹಚ್ಚು. ಹನಿ ನೀರು ಹೋಗಬಾರ್ದು."

ನನಗೂ ಅದು ಸರಿ ಅನಿಸಿತು. ರಾತ್ರಿಶಾಲೆಯಲ್ಲಿ ಕಲಿತ ಅಂಕಿಗಳಲ್ಲಿ ಅಳತೆ ಬರೆದುಕೊಂಡು, ರೆಕ್ಸಿನ್ನನ್ನು ಬಿಸಿಲಿಗಿಟ್ಟು ಮೆತ್ತಗಾದ ಮೇಲೆ ಕತ್ತರಿಸಿದೆ. ಬಲೆ ಹೆಣೆಯುವ ನೈಲಾನ್ ದಾರದಲ್ಲಿ, ಕೌದಿಯ ಹೊಲಿಗೆಯಷ್ಟೇ ಸಣ್ಣಗೆ, ಎರಡು ಗಾದಿ ಹೊಲಿದೆ. ಹಳೆಯ ನಾಲ್ಕರ ನಡುವೆ ಇಟ್ಟಾಗ ಯಾವುದು ಹೊಸದು ಅಂತ ಗೊತ್ತಾಗಲಿಲ್ಲ. ಆದರೆ ತಳಕ್ಕೂ ಅದನ್ನೇ ಹಾಕಿದ್ದರಿಂದ ತುಂಡು ಮುಗಿದಿತ್ತು. ನೇತ್ರಾವತಿಯ ಗಾದಿ ಹರಿದದ್ದು ಹರಿದಂಗೇ ಉಳಿಯಿತು.

"ನಂದು ಇರ್ಲಿ ಬಿಡ್ರಿ ಅತ್ತಿ" ಅಂದಳು. "ಮ್ಯಾಲೊಂದು ಟವೆಲ್ ಹಾಸ್ತೀನಿ."

"ನಡೆಸಾಕೀನ ಹರಕು ಗಾದಿ ಮ್ಯಾಲೆ ಕುಂತ್ರ ಸಾವ್ಕಾರ ಮೊದ್ಲು ಅದನ್ನ ನೋಡ್ತಾನ."

ಎರಡು ದಿನ ಆಕೆ ಬೋಟನ್ನು ಗಾಳಿಯಲ್ಲಿ ಓಡಾಡಿಸಿದಳು. ಸಿಡಿದ ನೀರು ಗಾದಿಯ ಮೇಲೆ ಬೀಳುತ್ತಿತ್ತು. ಶುಕ್ರವಾರ ಒಂದು ಗಾದಿಯನ್ನು ಎದೆಗವಚಿಕೊಂಡು ಅಂಗಳಕ್ಕೆ ಬಂದು ಧೊಪ್ಪನೆ ಇಳಿಸಿದಳು.

"ಎಮ್ಮಿ ಕರ ಹೊತ್ತಂಗಾತ್ರಿ ಅತ್ತಿ."

ಒತ್ತಿದೆ. ಹೊಲಿಗೆಯಿಂದ ನೀರು ಪಿಚಕ್ಕನೆ ಬಂತು. ಒಳಗಿನ ಸ್ಪಂಜು ತುಂಬಿ ನಾರಲು ಶುರುವಾಗಿತ್ತು.

ಹನುಮಣ್ಣ ಬಗ್ಗಿ ನೋಡಿದ. "ಡಾಂಬರು ಬಳದಿದ್ರ ಬರ್ತಿದ್ದಿಲ್ಲ."

"ಕುಂತವ್ರ ಸೀರಿಗಿ ಯಾರು ಹೊಣಿ?" ಅಂದೆ.

ನಾನು ದಂಡೆಯ ಕಡೆ ನೋಡಿದೆ. ಆತನ ಹಳೆಯ ಹರಿಗೋಲು ಆಮೆಯಂತೆ ಬೋರಲು ಬಿದ್ದಿತ್ತು. ದಿನಾ ಸಂಜೆ ಹಾಗೆ ಬೋರಲು ಹಾಕಿಯೇ ಮನೆಗೆ ಬರುವುದು ನಮ್ಮ ರೂಢಿ. ಒಳಗೆ ಎಷ್ಟು ನೀರು ಹೊಕ್ಕಿದ್ದರೂ ಬಸಿದು ಹೋಗುತ್ತದೆ. ಗಾದಿಯನ್ನು ಯಾರೂ ಬೋರಲು ಹಾಕುವುದಿಲ್ಲ. ಹೊಲಿಗೆ ಇದ್ದಲ್ಲಿ ನೀರು ಹೊಕ್ಕೇ ಹೊಗುತ್ತದೆ, ಹೊಕ್ಕದ್ದು ಹೊರಗೆ ಬರಲು ನಾನು ದಾರಿಯನ್ನೇ ಬಿಟ್ಟಿರಲಿಲ್ಲ. ಕೆಳಗಿನ ಮಗ್ಗಲಿಗೆ ಬೇರೆ ಹಾಕಬೇಕೆಂದ ಮಕ್ಬುಲಸಾಬರ ಮಾತು ಈಗ ತಲೆಗೆ ಇಳಿಯಿತು.

"ಕತ್ತರಿ ತಾ" ಅಂದೆ ನೇತ್ರಾವತಿಗೆ.

"ಹೊಲಿದಿದ್ದನ್ನ ಕತ್ತರಸ್ತೀರೇನ್ರಿ? ನಾಡದ ಐತವಾರ ಐತ್ರಿ."

"ಕೆಳಗಿಂದಷ್ಟ ಕತ್ತರಸ್ತೀನಿ. ಅದರಾಗ ನಿನ್ನ ಗಾದಿ ಐತಿ."

ಆಕೆಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಕತ್ತರಿ ತರಲು ಓಡಿದಳು. ಎರಡೂ ಗಾದಿಯ ತಳ ಬಿಡಿಸಿದೆ. ಮೇಲಿನ ಮಗ್ಗಲಿನಷ್ಟೇ ಅಗಲದ ಎರಡು ತುಂಡು ಸಿಕ್ಕವು. ಒಂದರಲ್ಲಿ ಮೂರನೇ ಗಾದಿಯ ಮೇಲ್ಭಾಗ, ಇನ್ನೊಂದನ್ನು ಸೀಳಿ ನಾಲ್ಕು ಅಂಚು. ಮೂರರ ತಳಕ್ಕೂ ಸಸಿಮಡಿಯ ಮೇಲೆ ನೆರಳಿಗೆ ಕಟ್ಟುವ ಹಸಿರು ಬಲೆ. ಅದನ್ನು ಪಕ್ಕದ ನರ್ಸರಿಯ ಜಾಸ್ಮೀನ, "ಗಾದಿಯಾಗ ಟೊಮ್ಯಾಟೊ ಹಚ್ತಿಯೇನಬೇ?" ಅಂತ ಕೇಳಿ ಕೊಟ್ಟಳು. ಸ್ಪಂಜುಗಳನ್ನು ಹಿಂಡಿ, ಸೀಗೆಕಾಯಿ ನೀರಲ್ಲಿ ತೊಳೆದು, ಹನುಮಣ್ಣನ ಹರಿಗೋಲಿನ ಬೆನ್ನ ಮೇಲೆ ಒಣಗಿಸಿದೆವು. ಕಾಗೆ ಓಡಿಸುತ್ತ ಆತನೇ ಕಾಯ್ದ.

ಹಳೆಯ ಸೂಜಿತೂತು ಇದ್ದ ಅಂಚನ್ನು ಕತ್ತರಿಸಿದ್ದರಿಂದ ನೇತ್ರಾವತಿಯ ಗಾದಿ ಸುತ್ತಲೂ ಒಂದು ಬೆರಳು ಸಣ್ಣದಾಯಿತು. ಸ್ಪಂಜನ್ನೂ ಅಷ್ಟೇ ಕೊಯ್ದು ಕೂಡಿಸಿದೆ. ಶನಿವಾರ ಹೊತ್ತು ಮುಳುಗುವ ಮುಂಚೆ ಕೊನೆಯ ಗಂಟು ಹಾಕಿದೆ.

ಐತವಾರ ಪಂಪಾಪತಿ ಸಾವ್ಕಾರ ಬಂದ. ಬೋಟು ಹತ್ತಿ, ಹೊಸ ಗಾದಿಯ ಮೇಲೇ ಕೂತು, ಒಂದು ಸುತ್ತು ಹೋಗಿ ಬಂದ. ಇಳಿಯುವಾಗ ನೇತ್ರಾವತಿಗೆ, "ಬರೂ ಶನಿವಾರದಿಂದ ಮುಂಜಾನಿ ಒಂದು, ಸಂಜಿಗಿ ಒಂದು ಸುತ್ತು ನಮ್ಮ ಮಂದಿಗೆ ಇಟ್ಟುಬಿಡು ತಂಗಿ. ನಡೆಸಾಕಿ ನೀನ ಇರ್ಬೇಕು ಮತ್ತ" ಅಂದ. ಗಾದಿಯ ಬಗ್ಗೆ ಒಂದು ಮಾತೂ ಆಡಲಿಲ್ಲ.

ಅವನ ಗಾಡಿ ಹೋದ ಮೇಲೆ ಹನುಮಣ್ಣ ಗೊಣಗಿದ. "ಇಷ್ಟು ಕಷ್ಟಪಟ್ಟು ಹೊಲಿದೀವಿ. ಗಾದಿ ಛಲೋ ಅದಾವ ಅಂತ ಒಂದು ಮಾತರ ಅನ್ನಬೇಕಿತ್ತು."

"ಅವಗ ಹೊಸದು ಕಂಡಿದ್ರಲ್ಲ ಅನ್ನಾಕ" ಅಂದೆ.

ನೇತ್ರಾವತಿ ತನ್ನ ಗಾದಿಯನ್ನು ಎತ್ತಿ ಹಿಡಿದಳು. ಹಸಿರು ಬಲೆಯಿಂದ ನಾಲ್ಕು ಹನಿ ನೀರು ಹಲಗೆಯ ಮೇಲೆ ಬಿದ್ದವು. ಅದು ಹಗುರಾಗಿತ್ತು. ಮತ್ತೆ ಜಾಗಕ್ಕೆ ಇಟ್ಟು, ಕೆಳಗೆ ಏನೂ ಇಲ್ಲ ಅಂತ ಕೈ ಹಾಕಿ ನೋಡಿ, ಸೆರಗಿನಲ್ಲಿ ಕಟ್ಟಿಕೊಂಡಿದ್ದ ಶೇಂಗಾದ ಪೊಟ್ಟಣವನ್ನು ನನ್ನ ಕೈಗೆ ಕೊಟ್ಟಳು.

"ಇದನ್ನ ನೀವ ಇಟ್ಕೋರ್ರಿ ಅತ್ತಿ" ಅಂದು ಮೋಟರು ಚಾಲು ಮಾಡಿದಳು.