ಲೇಬಲ್ ಇಲ್ಲದ ಸೀಸೆ

ಮೈದಾನದ ಮೆಟ್ಟಿಲುಗಳ ಕೆಳಗೆ, ಓಡುವ ಹುಡುಗಿಯರ ಗಾಯಕ್ಕೆ ಪಟ್ಟಿ ಕಟ್ಟುವ ಪಟ್ಟಿ ಅಕ್ಕನ ಕೋಣೆ. ರೆಕ್ಸಿನ್ ಹರಿದ ಉದ್ದನೆಯ ಮೇಜು, ಐಸು ತುಂಬಿದ ಪ್ಲಾಸ್ಟಿಕ್ ತೊಟ್ಟಿ, ಗೋಡೆಯ ಮೊಳೆಗಳಿಗೆ ದಾರ ಕಟ್ಟಿ ನೇತುಹಾಕಿದ ಹದಿನಾಲ್ಕು ನೋಟ್‌ಪುಸ್ತಕ. ಓಟಗಾರರಿಗೆ ತಲೆಗೊಂದು. ಆ ಕೋಣೆಯಲ್ಲಿ ಯಾರ ಮೈಗೆ ಯಾವ ಔಷಧಿಯೇ ಸೇರಲಿ, ನೆಗಡಿಯ ಮಾತ್ರೆಯೇ ಆಗಲಿ, ಅದರ ಲೇಬಲ್ ಕಿತ್ತು ಅವರ ಪುಸ್ತಕಕ್ಕೆ ಅಂಟಿಸಬೇಕು. ಪಕ್ಕದಲ್ಲಿ ತಂದವರ ಸಹಿ, ತೆಗೆದುಕೊಂಡವರ ಸಹಿ. ಹದಿನೈದು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳ ಹಟ ಇದು. ಟೀ ಕೊಟ್ಟರೂ ಅಕ್ಕ ಲೇಬಲ್ ಕೇಳುತ್ತಾಳೆ ಎಂದು ಹುಡುಗಿಯರು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಬಿಡಿ, ಅಕ್ಕ ಅದಕ್ಕೆಲ್ಲ ಸೊಪ್ಪು ಹಾಕುವವಳಲ್ಲ.

ಅವತ್ತು ಮಧ್ಯಾಹ್ನ ಮೇಜಿನ ಮೇಲೆ ಬೋರಲಾಗಿ ಮಲಗಿದ್ದವಳು ಚಿಗರೆ. ಜಿಂಕೆಯಂತೆ ಓಡುವ ಚೆಂದಕ್ಕೆ ಬಿದ್ದ ಹೆಸರು. ತೊಡೆಯ ಹಿಂಭಾಗದ ಸ್ನಾಯು ಹರಿದು ವಾರವಾಗಿತ್ತು. ವಾಸಿಯಾಗಲು ಇನ್ನೂ ಮೂರು ವಾರ ಬೇಕು, ರಾಷ್ಟ್ರೀಯ ತಂಡದ ಆಯ್ಕೆಯ ಓಟಕ್ಕೆ ಉಳಿದಿದ್ದು ನಾಲ್ಕೇ ದಿನ.

ತರಬೇತಿಯ ಮೇಷ್ಟ್ರು ಬಾಗಿಲು ತಳ್ಳಿಕೊಂಡು ಬಂದರು. ಅವರು ಅಕ್ಕನ ಗಂಡನ ಅಣ್ಣ. ಈ ಕೆಲಸ ಕೊಡಿಸಿದ್ದೂ ಅವರೇ, ಮನೆಯ ಪ್ರತಿ ಊಟದಲ್ಲೂ ಅದನ್ನು ನೆನಪಿಸುತ್ತಿದ್ದವರೂ ಅವರೇ. ಜೇಬಿನಿಂದ ಹೆಬ್ಬೆರಳಿನಷ್ಟು ಪುಟ್ಟ ಸೀಸೆ ತೆಗೆದು ಮೇಜಿನ ಮೇಲಿಟ್ಟರು. ಬರೀ ವಿಟಮಿನ್, ಇವತ್ತೊಂದು ನಾಳೆಯೊಂದು ಚುಚ್ಚಿದರೆ ಹುಡುಗಿ ಎದ್ದು ಹಾರುತ್ತಾಳೆ ಎಂದರು.

ಅಕ್ಕ ಸೀಸೆಯನ್ನು ಬೆಳಕಿಗೆ ಹಿಡಿದಳು. ಲೇಬಲ್ ಇರಲಿಲ್ಲ. ಈಗಷ್ಟೇ ಕಿತ್ತಂತೆ ಅಂಟು ಮಾತ್ರ ಇನ್ನೂ ಬೆರಳಿಗೆ ಹತ್ತುತ್ತಿತ್ತು.

ಐಸಿನ ಡಬ್ಬಿಯಲ್ಲಿ ನೆನೆದು ಬಿದ್ದುಹೋಯಿತು ಎಂದರು ಮೇಷ್ಟ್ರು. ಹಾಗಾದರೆ ಡಬ್ಬಿಯಲ್ಲೇ ಇರಬೇಕಲ್ಲ, ತನ್ನಿ, ಒಣಗಿಸಿ ಅಂಟಿಸುತ್ತೇನೆ ಎಂದಳು ಅಕ್ಕ. ಮೇಷ್ಟ್ರ ಮುಖ ಗಂಟಾಯಿತು.

ಅಷ್ಟರಲ್ಲಿ ಚಿಗರೆಯೇ ತಲೆ ಎತ್ತಿದಳು. ಅಕ್ಕನಿಗೆ ಸಂಕಟವಾದದ್ದು ಅಲ್ಲೇ. ಹುಡುಗಿಯ ಕಣ್ಣು ತುಂಬಿತ್ತು.

"ಹಾಕಿಬಿಡಿ ಅಕ್ಕ. ಆರು ವರ್ಷ ಇದಕ್ಕೇ ಅಂತ ಓಡಿದೀನಿ. ಇದೊಂದು ಸಲ."

ಬೈದು ಬಾಯಿ ಮುಚ್ಚಿಸಬಹುದಿತ್ತು. ಅಕ್ಕ ಬೈಯಲಿಲ್ಲ. ತನ್ನದೇ ಕೂಸಿನಂತೆ ಆ ಕಾಲನ್ನು ನೋಡಿಕೊಂಡವಳು ಅವಳು. ಚಿಗರೆಯ ಪುಸ್ತಕವನ್ನು ಮೊಳೆಯಿಂದ ಬಿಡಿಸಿ, ಹೊಸ ಹಾಳೆ ತೆಗೆದು ದಪ್ಪ ಅಕ್ಷರದಲ್ಲಿ ಬರೆದಳು: ಲೇಬಲ್ ಇಲ್ಲದ ಸೀಸೆ. ತಂದವರು, ತರಬೇತಿಯ ಮೇಷ್ಟ್ರು. ತಾರೀಕು, ಗಂಟೆ ಹಾಕಿ ಪೆನ್ನನ್ನು ಅವರತ್ತ ಚಾಚಿದಳು.

"ವಿಟಮಿನ್ ತಾನೆ ಭಾವ? ಸಹಿ ಹಾಕಿ. ಈಗಲೇ ಚುಚ್ತೀನಿ."

ಮೇಷ್ಟ್ರು ಕೈ ಚಾಚಲಿಲ್ಲ. ಮನೆಯವಳಾಗಿ ಹೀಗಾ ನಡೆದುಕೊಳ್ಳುವುದು, ಉಂಡ ಮನೆಗೆ ಎರಡು ಬಗೆಯುತ್ತೀಯಾ ಎಂದು ಶುರುಮಾಡಿ, ಅವಳ ಗಂಡ, ಅತ್ತೆ, ಕೊಡಿಸಿದ ಕೆಲಸ ಎಲ್ಲವನ್ನೂ ಎಳೆದು ತಂದರು. ಅಕ್ಕ ಚಾಚಿದ ಪೆನ್ನನ್ನು ಹಿಂದಕ್ಕೆಳೆಯಲಿಲ್ಲ. ಚಿಗರೆ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಅವಳ ಕಣ್ಣು ಮೇಷ್ಟ್ರ ಬಲಗೈಯ ಮೇಲಿತ್ತು. ಆ ಕೈ ಪ್ಯಾಂಟಿನ ಜೇಬಿಗೆ ಇಳಿದು ಅಲ್ಲೇ ಕೂತಿತು.

"ನನ್ನ ಮೈಗೆ ಹಾಕೋಕೆ ಆಗುತ್ತೆ, ಹಾಳೆಗೊಂದು ಸಹಿ ಹಾಕೋಕೆ ಆಗಲ್ವಾ ಸರ್?" ಎಂದಳು ಮೆಲ್ಲಗೆ.

ಮೇಷ್ಟ್ರು ಅಕ್ಕನತ್ತ ತಿರುಗಿದರು. ನಾಳೆ ಬೆಳಿಗ್ಗೆ ಕೋಣೆಯ ಕೀಲಿ ತಮ್ಮ ಮೇಜಿನ ಮೇಲಿರಬೇಕು ಎಂದು ಅಕ್ಕನಿಗೆ ಹೇಳಿದರು.

"ನಾಳೆ ಯಾಕೆ?" ಅಕ್ಕ ಸೊಂಟದ ಗೊಂಚಲಿನಿಂದ ಕೀಲಿ ಬಿಡಿಸಿ ಅವರ ಎದುರಿಗಿಟ್ಟಳು. ಕೆಲಸ ಹೋಯಿತು, ಇವತ್ತು ಮನೆಯಲ್ಲಿ ರಾಮಾಯಣವೇ ನಡೆಯುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಇಟ್ಟುಬಿಟ್ಟೆನಲ್ಲ ಎಂದು ಅವಳಿಗೇ ಹೆಮ್ಮೆಯಾಯಿತು.

ಮೇಷ್ಟ್ರು ಕೀಲಿ ಎತ್ತಿಕೊಂಡರು, ಸೀಸೆ ಎತ್ತಿಕೊಂಡರು. ಆಮೇಲೆ ಪುಸ್ತಕಕ್ಕೆ ಕೈ ಹಾಕಿದರು. ಆ ಹಾಳೆಯೊಂದನ್ನು ಹರಿದು ಕೊಟ್ಟುಬಿಡು, ಎಲ್ಲ ಇಲ್ಲಿಗೇ ಮರೆತುಬಿಡೋಣ ಎಂದರು. ದನಿ ಈಗ ಬೆಣ್ಣೆಯಾಗಿತ್ತು.

ಅವರಿಗಿಂತ ಮೊದಲು ಚಿಗರೆ ಪುಸ್ತಕ ಎಳೆದುಕೊಂಡಳು. ಒಂದೇ ಕಾಲಿನ ಮೇಲೆ ಭಾರ ಹಾಕಿ ಮೇಜಿನಿಂದ ಇಳಿದಳು. ಅಕ್ಕನ ಕೈಯಿಂದ ಪೆನ್ನು ತೆಗೆದುಕೊಂಡು, ಬರೆದದ್ದರ ಕೆಳಗೆ ಬರೆದಳು: ತೆಗೆದುಕೊಂಡಿಲ್ಲ. ಆಯ್ಕೆಗೆ ಓಡುವುದಿಲ್ಲ. ಆ ಎರಡನೆಯ ಮಾತು ಬರೆಯುವಾಗ ಮೂಗು ಏರಿಸಿದಳು, ಆದರೂ ಪೂರ್ತಿ ಬರೆದು ಸಹಿ ಹಾಕಿದಳು.

"ಕೊಡಮ್ಮ ಇಲ್ಲಿ," ಎಂದರು ಮೇಷ್ಟ್ರು.

"ಇದು ನನ್ನ ಪುಸ್ತಕ ಸರ್." ಅದನ್ನು ಕಂಕುಳಲ್ಲಿ ಇರುಕಿಕೊಂಡು ಅಕ್ಕನ ಹೆಗಲು ಹಿಡಿದಳು. "ಅಕ್ಕ, ನಾಳೆ ಐಸಿಗೆ ಎಲ್ಲಿಗೆ ಬರ್ಲಿ?"

ನಮ್ಮನೆಗೇ ಬಾ ಎಂದಳು ಅಕ್ಕ. ಅದು ಮೇಷ್ಟ್ರ ಮನೆಯೂ ಹೌದು.