ಆಕಾಶದಿಂದ ಬಿದ್ದ ಬಟ್ಟೆ

ಹಾರಿಸಿದವರು ಅದನ್ನು ಸಮುದ್ರದ ಕಡೆಗೇ ಹಾರಿಸಿದ್ದರಂತೆ. ಆ ರಾಕೆಟ್ಟು ಅರ್ಧ ದಾರಿಯಲ್ಲಿ ಕೆಟ್ಟು, ದಿಕ್ಕು ತಪ್ಪಿ, ಕೆಂಚಾರ್ಲಹಳ್ಳಿಯ ಹಿಪ್ಪುನೇರಳೆ ತೋಟಗಳ ಮೇಲೆ ಚೂರುಚೂರಾಗಿ ಸುರಿಯಿತು. ತೊಂಬತ್ತರ ಸುಮಾರಿನ ಮಾತು. ಹುಳುವಿಗೆ ಸೊಪ್ಪು ಕೊಯ್ಯುತ್ತಿದ್ದ ಕದಿರಮ್ಮ ಗುಡುಗೆಂದುಕೊಂಡು ತಲೆಯೆತ್ತಿದಳು. ಒಂದು ಮೋಡವೂ ಇರಲಿಲ್ಲ. ಬದುವಿನ ಮೇಲೆ ಕಟ್ಟಿದ್ದ ಎರ್ರಪ್ಪ ಮಾವನ ಎಮ್ಮೆ ಮಾತ್ರ ಬೆನ್ನು ಸೀಳಿ ಬಿದ್ದಿತ್ತು. ಪಕ್ಕದಲ್ಲಿ ತಗಡಿನ ಹಾಳೆಯೊಂದು ಇನ್ನೂ ಹೊಗೆಯಾಡುತ್ತಿತ್ತು.

ಎಮ್ಮೆಯನ್ನು ನೋಡಲಾರದೆ ಮುಖ ತಿರುಗಿಸಿದಾಗಲೇ ಗಿಡಗಳ ನಡುವೆ ಬೆಳ್ಳನೆಯ ಬಟ್ಟೆ ಕಂಡದ್ದು. ಎತ್ತಿಕೊಂಡರೆ ಹೂವಿನಷ್ಟು ಹಗುರ. ತಾಯಿಯಿಲ್ಲದ ಕದಿರಮ್ಮನನ್ನು ಸಾಕಿದವಳು ಅಜ್ಜಿ ಮುನಿಶಾಮಮ್ಮ. ನಕ್ಷತ್ರಗಳೆಲ್ಲ ರೇಷ್ಮೆ ಗೂಡುಗಳು ಕಣಮ್ಮ, ಮೇಲೆ ಏಳು ಜನ ಅಕ್ಕತಂಗೀರು ಕೂತು ನೂಲು ಬಿಚ್ಚುತ್ತಾರೆ ಎಂದು ಕಥೆ ಹೇಳಿಯೇ ಉಣಿಸಿದ್ದಳು. ಆ ಅಕ್ಕತಂಗಿಯರಲ್ಲಿ ಒಬ್ಬಳ ಸೆರಗೇ ಜಾರಿ ಬಿದ್ದಿದೆ ಎನಿಸಿತು ಹುಡುಗಿಗೆ. ಸೊಪ್ಪಿನ ಮಂಕರಿಯಲ್ಲಿ ಮುಚ್ಚಿ ತಂದಳು.

ಬೀದಿಯಲ್ಲಿ ವೆಂಕಟರತ್ನಮ್ಮ ನೋಡಿಯೇಬಿಟ್ಟಳು. "ಏನೇ ಕದಿರಿ, ದೇವಲೋಕದಿಂದ ಸೀರೆ ಬಂತಾ? ಗಂಡು ಯಾವಾಗ ಬೀಳ್ತಾನಂತೆ?"

"ಬಿದ್ರೆ ನಿಮ್ ಮನೆ ಮೇಲೇ ಬೀಳ್ಲಿ ಬಿಡಕ್ಕ, ಹೆಂಚು ಗಟ್ಟಿಯಾಗಿದಾವೆ!"

ಅಜ್ಜಿ ಜೀವಮಾನವೆಲ್ಲ ಚರಕದ ಮುಂದೆ ಕೂತು ಗೂಡಿನಿಂದ ನೂಲು ತೆಗೆದವಳು. ಊರಲ್ಲಿ ಯಾರು ಮದುವೆ ಸೀರೆ ತಂದರೂ ಮೊದಲು ಅವಳ ಮುಂದೆ ಹಿಡಿಯಬೇಕು. ಅಂಚಿನಿಂದ ಒಂದು ಎಳೆ ಕಿತ್ತು, ಕಡ್ಡಿ ಗೀರಿ, ಸುಟ್ಟು ಮೂಸುವಳು. ಕೂದಲು ಸುಟ್ಟ ವಾಸನೆ ಬಂದರೆ ಅಪ್ಪಟ ರೇಷ್ಮೆ. ಈಚೆಗೆ ಕಣ್ಣು ಮಂಜಾಗಿ ಎಳೆಯನ್ನು ಮುಖಕ್ಕೆ ಅಂಟಿಸಿಕೊಂಡಂತೆ ಹಿಡಿಯುತ್ತಿದ್ದಳು.

"ನುಣುಪೇನೋ ಇದೆ, ತಣ್ಣಗಿಲ್ಲ. ನೋಡಣ ತಾಳು," ಎಂದು ಹೊಲಿಗೆಯಿಂದಲೇ ಎಳೆ ಕಿತ್ತಳು. ಹೊಲಿಗೆಯುದ್ದಕ್ಕೂ ಬೂದುಬಣ್ಣದ ಪುಡಿ ಮೆತ್ತಿತ್ತು. ತೋಟದ ಮಣ್ಣೆಂದುಕೊಂಡರು ಇಬ್ಬರೂ. ಬಟ್ಟೆ ಮಡಿಲಲ್ಲೇ ಇತ್ತು. ಅಜ್ಜಿ ಕಡ್ಡಿ ಗೀರಿದಳು.

ಭಗ್ಗೆಂದ ಬೆಳಕಿಗೆ ಗೋಡೆಯೆಲ್ಲ ಬೆಳ್ಳಗಾಯಿತು. ಕದಿರಮ್ಮ ಗೋಣಿತಾಟು ಎಸೆದು ಆರಿಸುವಷ್ಟರಲ್ಲಿ ಅಜ್ಜಿಯ ಹುಬ್ಬು, ರೆಪ್ಪೆ ಇರಲಿಲ್ಲ.

ಗಾಡಿ ಕಟ್ಟಿಸಲು ಓಡಿದವಳನ್ನು ಎರ್ರಪ್ಪ ಬಾಗಿಲಲ್ಲೇ ತಡೆದ. ಆಗಷ್ಟೇ ಪೊಲೀಸಿನವನು ಸೈಕಲ್ಲಿನಲ್ಲಿ ಬಂದು, ಬಿದ್ದದ್ದೆಲ್ಲ ಸರ್ಕಾರದ್ದು, ಮುಟ್ಟಿದವರು ಜೈಲಿಗೆ ಎಂದು ಸಾರಿ ಹೋಗಿದ್ದ.

"ಅಯ್ಯೋ ದೇವುಡಾ! ಡಾಕ್ಟ್ರು ಕೇಳಿದ್ರೆ ಏನಂತೀಯೇ? ಕದ್ದು ತಂದ್ವಿ ಅಂತೀಯಾ?"

"ಅಜ್ಜಿ ಕಣ್ಣು ಮಾವ..."

"ನಮ್ಮಮ್ಮ ಕಣೇ ಅವ್ಳು. ನಂಗೆ ಸಂಕಟ ಇಲ್ವಾ? ಹರಳೆಣ್ಣೆ ಬಿಡು, ತಂಪಾಗುತ್ತೆ."

ಒಳಗಿನಿಂದ ಅಜ್ಜಿಯೇ ಕೂಗಿದಳು. "ಹುಡುಗೀನ ಜೈಲಿಗೆ ಕಳಿಸ್ಬೇಡ್ರಪ್ಪ. ನಾಳಿಕ್ಕೆ ಸರಿಹೋಗುತ್ತೆ."

ಮಾರನೆಯ ದಿನ ಸರಿಹೋಗಲಿಲ್ಲ. ಎಣ್ಣೆ ಬಿಟ್ಟು ಕಟ್ಟಿದ ಬಟ್ಟೆಯ ಕೆಳಗಿನಿಂದ ಕೀವು ಇಳಿಯಿತು. ಅದರ ಮಾರನೆಯ ಬೆಳಿಗ್ಗೆ ರಾಕೆಟ್ಟು ಹಾರಿಸಿದವರ ಜೀಪು ಬಂತು. ಕನ್ನಡಕದ ಆಫೀಸರೊಬ್ಬ ಇಕ್ಕಳದಲ್ಲಿ ಚೂರುಗಳನ್ನು ಎತ್ತಿಸಿ ತುಂಬಿಸತೊಡಗಿದ.

ಕದಿರಮ್ಮ ಸುಟ್ಟುಳಿದ ಬಟ್ಟೆಯನ್ನು ಹಿಡಿದು ಜೀಪಿನ ಮುಂದೆ ನಿಂತಳು. ಎರ್ರಪ್ಪ ತಲೆ ಚಚ್ಚಿಕೊಂಡ.

"ಇದು ನಿಮ್ದಾ ಸಾರ್?"

ಆಫೀಸರ್ ಹೌಹಾರಿದ. "ಕೆಳಗಿಡಮ್ಮ! ಇದನ್ನ ಯಾಕೆ ಮುಟ್ಟಿದೆ?"

"ಮುಟ್ಟಿದ್ದು ನಾನು, ಸುಟ್ಟಿದ್ದು ನಮ್ಮಜ್ಜೀನ. ಬಿದ್ದಿದ್ದೆಲ್ಲಾ ನಿಮ್ದೇ ಅಂದ್ರಲ್ಲ, ಅವಳ್ನೂ ಹಾಕ್ಕೊಂಡ್ ಹೋಗಿ."

ಅವನು ಮನೆಯೊಳಗೆ ಬಂದು ನೋಡಿದ. ಆಮೇಲೆ ಜೀಪಿನ ಹಿಂದೆ ತಗಡುಗಳನ್ನು ಸರಿಸಿ ಜಾಗ ಮಾಡಿದ. ಅವುಗಳ ನಡುವೆಯೇ ಅಜ್ಜಿ ಮಲಗಿದಳು. ಚಿಂತಾಮಣಿಯವರೆಗೂ ಪ್ರತಿ ಹಳ್ಳಕ್ಕೂ ತಗಡುಗಳು ಗಡಗಡಿಸಿದವು, ಪ್ರತಿ ಸದ್ದಿಗೂ ಅಜ್ಜಿ ಬೆಚ್ಚಿದಳು.

ಆಸ್ಪತ್ರೆಯಲ್ಲಿ ಡಾಕ್ಟರು ಕಟ್ಟು ಬಿಚ್ಚುತ್ತಲೇ ಕೇಳಿದರು. "ಯಾವ ಪುಡಿ ಇದು, ಕಣ್ಣಿಗೆ ಮೆತ್ತಿರೋದು?"

"ಅದನ್ನ ಹೇಳೋ ಅಧಿಕಾರ ನಂಗಿಲ್ಲ ಡಾಕ್ಟ್ರೇ," ಎಂದ ಆಫೀಸರ್.

"ನಿಮ್ಮ ಅಧಿಕಾರ ಯಾರು ಕೇಳಿದ್ರು? ಪುಡಿ ಹೆಸರು ಹೇಳ್ರಿ."

ಅವನು ಬಗ್ಗಿ ಕಿವಿಯಲ್ಲಿ ಹೇಳಿದ. ಡಾಕ್ಟರು ಬಹಳ ಹೊತ್ತು ಕಣ್ಣು ತೊಳೆದರು, ಟಾರ್ಚ್ ಬಿಟ್ಟು ನೋಡಿದರು, ಕೊನೆಗೆ ಆರಿಸಿದರು. "ಅವತ್ತೇ ನೀರಲ್ಲಿ ಚೆನ್ನಾಗಿ ತೊಳೆದು ಕರ್ಕೊಂಡ್ ಬಂದಿದ್ರೆ ಒಂದಾದ್ರೂ ಉಳೀತಿತ್ತು. ಎಣ್ಣೆ ಹಾಕಿ ಒಳಗೇ ಕಟ್ಟಿಬಿಟ್ಟಿದೀರ."

ಕದಿರಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಆದರೂ ಬಿಕ್ಕು ಹೊರಬಂತು. ಮಂಚದ ಮೇಲೆ ಅಜ್ಜಿ ಕೈಚಾಚಿ ತಡಕಾಡಿದಳು. ಸಿಕ್ಕಿದ್ದು ಈಚೆ ಪಕ್ಕ ನಿಂತಿದ್ದ ಆಫೀಸರನ ಮುಂಗೈ.

"ಅಳಬೇಡ ಕಣಮ್ಮ," ಎಂದಳು ಅವನ ಕೈ ಸವರುತ್ತ. "ನಿನ್ ತಪ್ಪೇನಿದೆ ಇದ್ರಲ್ಲಿ? ನೀನು ಬೇಕೂಂತ ಮಾಡಿದ್ಯಾ?"

ಅವನು ಕೈ ಬಿಡಿಸಿಕೊಳ್ಳಲಿಲ್ಲ. ಮಂಚದ ಆಚೆ ಬದಿಯಲ್ಲಿ ಕದಿರಮ್ಮ, ನಾನಿಲ್ಲಿದೀನಿ ಅಜ್ಜಿ ಎನ್ನಲು ಉಸಿರು ಸಾಲದೆ, ನಿಂತೇ ಇದ್ದಳು.