ನಾಲ್ಕು ಗಂಟೆ ಕಡಿಮೆ

ತಪಾಸಣೆಗೆ ಬಂದ ಅಧಿಕಾರಿ ಮಕ್ಕಳ ಕುರ್ಚಿಯಲ್ಲಿ ಮೊಣಕಾಲು ಎದೆಗೆ ತಾಗುವಂತೆ ಕೂತು, ಪೆನ್ನಿನ ತುದಿಯಿಂದ ಹಾಳೆಯ ಮೇಲಿನ ಗಂಟೆಗಳನ್ನು ಕೂಡುತ್ತಿದ್ದಳು. ಶಿಶುವಿಹಾರದಲ್ಲಿ ದೊಡ್ಡವರ ಕುರ್ಚಿ ಇದ್ದದ್ದು ಎರಡೇ. ಒಂದರ ಕಾಲು ಮುರಿದಿತ್ತು, ಇನ್ನೊಂದರಲ್ಲಿ ಶಿಶುವಿಹಾರ ನಡೆಸುವ ಮೇಡಂ ಕೂತಿದ್ದರು. ಎರಡನೆಯ ಸಲವೂ ಕೂಡಿ ಅಧಿಕಾರಿ ತಲೆಯೆತ್ತಿದಳು.

"ಇಪ್ಪತ್ತೇ ಆಗುತ್ತೆ. ಇಪ್ಪತ್ನಾಲ್ಕು ಇರ್ಬೇಕಿತ್ತು."

ಯಾರ ಹಾಳೆ ಎಂದು ದೊಡ್ಡಕ್ಕ ಕೇಳಲಿಲ್ಲ. ಮೂಲೆಯಲ್ಲಿ ಅಂಟಿಸಿದ್ದ, ತಲೆತುಂಬ ಕಪ್ಪು ಕೂದಲಿದ್ದ ಫೋಟೋ ಅವಳದೇ. ಹದಿನಾರು ವರ್ಷದಿಂದ ಅವಳು ಕೂಸುಗಳ ಕೋಣೆಯಲ್ಲಿದ್ದಾಳೆ. ಮೊದಲ ವರ್ಷ ಅವಳು ಎತ್ತಿ ಆಡಿಸಿದ ಹುಡುಗರಿಗೆ ಈಗ ಮೀಸೆ ಚಿಗುರಿದೆ, ರಸ್ತೆಯಲ್ಲಿ ಸಿಕ್ಕರೆ ಗುರುತಿಲ್ಲದವರಂತೆ ಮುಖ ತಿರುಗಿಸಿ ಹೋಗುತ್ತಾರೆ. ಅದಕ್ಕೆ ಅವಳಿಗೆ ಬೇಸರವೇನಿಲ್ಲ. ಹಿಂದೆಯೇ ಹೊಸ ಕೂಸುಗಳು ಬರುತ್ತಿರುತ್ತವಲ್ಲ.

ಮಕ್ಕಳನ್ನು ನೋಡಿಕೊಳ್ಳುವವರೆಲ್ಲ ವರ್ಷಕ್ಕೆ ಇಪ್ಪತ್ನಾಲ್ಕು ಗಂಟೆ ತರಬೇತಿ ಪಡೆಯಬೇಕು. ಇಲ್ಲಿಯವರೆಗೆ ಅವರವರು ಕೆಲಸಕ್ಕೆ ಸೇರಿದ ದಿನದಿಂದ ವರ್ಷದ ಲೆಕ್ಕ ಹಿಡಿಯುತ್ತಿದ್ದರು. ಆ ಪ್ರಕಾರ ದೊಡ್ಡಕ್ಕನಿಗೆ ಇನ್ನೂ ಐದು ತಿಂಗಳಿತ್ತು. ಈ ಸಲದಿಂದ ಎಲ್ಲರ ವರ್ಷವೂ ಒಂದೇ ದಿನ ಮುಗಿಯುತ್ತದೆ, ಆ ದಿನ ಹೋದ ಶನಿವಾರವೇ ಆಗಿತ್ತು ಎಂದು ಅಧಿಕಾರಿ ವಿವರಿಸಿದಳು. ಪತ್ರ ಕಳಿಸಿ ಎರಡು ತಿಂಗಳಾಯಿತಂತೆ. ಮೇಡಂ ಅದನ್ನು ಕಡತದಲ್ಲಿ ಭದ್ರವಾಗಿಯೇ ಇಟ್ಟಿದ್ದರು. ಓದದ ಪತ್ರಗಳನ್ನು ಅವರಷ್ಟು ಅಚ್ಚುಕಟ್ಟಾಗಿ ಇಡುವವರು ಬೇರೆ ಯಾರೂ ಇಲ್ಲ.

ಶನಿವಾರ ಎಂಬ ಮಾತಿಗೆ ಬಾಗಿಲ ಬಳಿ ನಿಂತಿದ್ದ ಅವಳಿಯಮ್ಮ ತಲೆ ತಗ್ಗಿಸಿದಳು. ಮನೆಯಲ್ಲಿ ಅವಳಿ ಮಕ್ಕಳಿರುವುದರಿಂದ ಎಲ್ಲರೂ ಅವಳನ್ನು ಹಾಗೇ ಕರೆಯುತ್ತಾರೆ. ದೊಡ್ಡಕ್ಕನ ಜೊತೆ ಕೂಸುಗಳ ಕೋಣೆಯಲ್ಲಿ ಕೆಲಸ ಮಾಡುವವಳು.

ಆ ಶನಿವಾರ ನಾಲ್ಕು ಗಂಟೆಯ ಪ್ರಥಮ ಚಿಕಿತ್ಸೆ ತರಗತಿಗೆ ಹೋಗಬೇಕಾಗಿದ್ದವಳು ಅವಳಿಯಮ್ಮ. ಅವಳ ವರ್ಷ ಹಳೆಯ ಲೆಕ್ಕದಲ್ಲೂ ಆ ವಾರವೇ ಮುಗಿಯುವುದಿತ್ತು. ಬೆಳಿಗ್ಗೆ ನೋಡಿದರೆ ಎರಡೂ ಮಕ್ಕಳಿಗೆ ಕೆಂಡದಂಥ ಜ್ವರ. ಮೇಡಂ ದೊಡ್ಡಕ್ಕನಿಗೆ ಫೋನ್ ಮಾಡಿದರು. ನಿನಗೆ ಇನ್ನೂ ಐದು ತಿಂಗಳಿದೆ, ಮುಂದಿನ ಸಲ ನಿನ್ನದು ಮಾಡಿಕೊಂಡರಾಯಿತು, ಇವತ್ತು ಹೋಗಿ ಅವಳ ಹೆಸರು ಬರೆದು ಕೂತು ಬಾ, ಅಲ್ಲಿ ಮುಖ ಯಾರು ನೋಡುತ್ತಾರೆ ಎಂದರು. ದೊಡ್ಡಕ್ಕ ಹೋಗಿ ಕೂತು ಬಂದಳು. ಇಡೀ ಹೊತ್ತು ಅವಳನ್ನು ಇನ್ನೊಬ್ಬಳ ಹೆಸರಿನಿಂದ ಕರೆದರು. ಉಸಿರು ಕಟ್ಟಿದ ಕೂಸನ್ನು ಮುಂಗೈ ಮೇಲೆ ಬೋರಲು ಹಾಕಿ, ತಲೆ ಎದೆಗಿಂತ ಕೆಳಗೆ ಬರುವಂತೆ ಹಿಡಿದು, ಬೆನ್ನಿಗೆ ಐದು ಪೆಟ್ಟು ಕೊಡುವುದನ್ನು ಅವಳು ರಬ್ಬರು ಗೊಂಬೆಯ ಮೇಲೆ ಮಾಡಿ ತೋರಿಸಿದಾಗ, ಕಲಿಸುವವರು ತರಗತಿಯನ್ನೆಲ್ಲ ಹತ್ತಿರ ಕರೆದು ಈ ಕೈ ನೋಡಿ ಎಂದಿದ್ದರು. ಆಗ ಅವಳಿಗೆ ಹೆಮ್ಮೆಯಾಗಿತ್ತು.

ಈಗ ಆ ನಾಲ್ಕು ಗಂಟೆ ಅವಳಿಯಮ್ಮನ ಹಾಳೆಯಲ್ಲಿ ನೀಲಿ ಮೊಹರಿನ ಕೆಳಗೆ ಕೂತಿತ್ತು.

ಗಂಟೆ ಭರ್ತಿಯಾಗದವರು ಕೂಸುಗಳ ಕೋಣೆಯೊಳಗೆ ಕಾಲಿಡುವಂತಿಲ್ಲ ಎಂದು ಅಧಿಕಾರಿ ಹೇಳಿದಳು. ಬಟ್ಟೆ ಒಗೆಯಬಹುದು, ಆಟಿಕೆ ತೊಳೆಯಬಹುದು. ಮುಂದಿನ ತರಗತಿ ಇನ್ನು ನಾಲ್ಕು ತಿಂಗಳಿಗೆ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಜೋಮು ಹಿಡಿದ ಕಾಲನ್ನು ಉಜ್ಜಿಕೊಳ್ಳುತ್ತಲೇ ಹೇಳಿದಳು. ಮೇಡಂ ದೊಡ್ಡಕ್ಕನನ್ನೇ ನೋಡುತ್ತಿದ್ದರು. ಬಾಯಿ ಬಿಟ್ಟರೆ ಬಣ್ಣಗೇಡು ಎಂಬುದು ಮೂವರಿಗೂ ಗೊತ್ತಿತ್ತು. ಸತ್ಯ ಹೇಳಿದರೆ ಅವಳಿಯಮ್ಮನ ಪ್ರಮಾಣಪತ್ರ ರದ್ದು, ಸುಳ್ಳು ಸಹಿ ಹಾಕಿದ್ದಕ್ಕೆ ದೊಡ್ಡಕ್ಕನ ಕೆಲಸವೂ ಹೋಗುತ್ತದೆ, ಶಿಶುವಿಹಾರಕ್ಕೇ ಬೀಗ ಬಿದ್ದರೂ ಬೀಳಬಹುದು. ಬಿಸಿತುಪ್ಪ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ.

ಹೊರಡುವ ಮುಂಚೆ ಅಧಿಕಾರಿ ಕಪಾಟಿನ ಮೇಲಿದ್ದ ರಬ್ಬರು ಗೊಂಬೆಯನ್ನು ತೆಗೆದು ಅವಳಿಯಮ್ಮನಿಗೆ ಕೊಟ್ಟಳು. ಮೊನ್ನೆ ತಾನೇ ಕಲಿತಿದ್ದೀರಲ್ಲ, ಉಸಿರು ಕಟ್ಟಿದರೆ ಏನು ಮಾಡುತ್ತೀರಿ ತೋರಿಸಿ ಎಂದಳು. ಅವಳಿಯಮ್ಮ ಗೊಂಬೆಯನ್ನು ಹೆಗಲಿಗೆ ಹಾಕಿಕೊಂಡು, ತಲೆ ಮೇಲೆ ಮಾಡಿ, ತೇಗು ಬರಿಸುವವಳಂತೆ ಮೆಲ್ಲಗೆ ತಟ್ಟಿದಳು. ದೊಡ್ಡಕ್ಕನ ಎರಡೂ ಕೈ ಏಪ್ರನ್ನಿನ ಜೇಬಿನೊಳಗೆ ಮುಷ್ಟಿ ಕಟ್ಟಿದವು. ಕಾಗದದ ಪ್ರಕಾರ ಅವಳಿಗೆ ಇದೊಂದೂ ಗೊತ್ತಿಲ್ಲ.

"ಮರ್ತೋಯ್ತು," ಎಂದಳು ಅವಳಿಯಮ್ಮ.

ದಿನಾ ಅಭ್ಯಾಸ ಮಾಡಿಕೊಳ್ಳಿ ಎಂದು ಅಧಿಕಾರಿ ಪಟ್ಟಿಯಲ್ಲಿ ಸರಿ ಗುರುತು ಹಾಕಿದಳು. ಅವಳ ಪಟ್ಟಿಯಲ್ಲಿದ್ದದ್ದು ಗಂಟೆಗಳ ಲೆಕ್ಕ, ನೆನಪಿಗೆ ಅಲ್ಲಿ ಜಾಗವಿರಲಿಲ್ಲ.

ಅಧಿಕಾರಿ ಹೋದ ಮೇಲೆ ಮೇಡಂ, ನಾಲ್ಕು ತಿಂಗಳು ಅನ್ನುವುದು ಕಣ್ಣು ಮುಚ್ಚಿ ತೆಗೆಯುವುದರೊಳಗೆ ಕಳೆದುಹೋಗುತ್ತದೆ ಎಂದು ಸಮಾಧಾನ ಹೇಳಿದರು. ಕಳೆಯುವವಳು ನಾನು ತಾನೇ ಎಂದುಕೊಂಡು ದೊಡ್ಡಕ್ಕ ಒಗೆಯುವ ಕೋಣೆಗೆ ಬಂದಳು. ಹಿಂದೆಯೇ ಅವಳಿಯಮ್ಮ ಬಂದು ಯಂತ್ರಕ್ಕೆ ಒರಗಿ ಅತ್ತಳು.

"ನಾನೇ ಹೋಗಿ ಹೇಳ್ಬಿಡ್ತೀನಿ ಅಕ್ಕಾ. ನನ್ನಿಂದ ನಿಮಗೆ ಹೀಗಾಗ್ಬಾರ್ದು."

"ಹೇಳಿ? ಇಬ್ರೂ ಮನೇಲಿ ಕೂತ್ಕೊಳೋಣ. ಆ ಎಂಟು ಕೂಸನ್ನ ಯಾರು ಎತ್ಕೊಳ್ತಾರೆ, ಮೇಡಂ ಎತ್ಕೊಳ್ತಾರಾ?"

ಅವಳಿಯಮ್ಮ ಅಳುವಿನ ನಡುವೆಯೇ ನಕ್ಕಳು. ಮೇಡಂ ಕೂಸನ್ನು ಎತ್ತಿಕೊಳ್ಳುವುದು ಸೋರುವ ಚೀಲ ಹಿಡಿದ ಹಾಗೆ, ಮೈಯಿಂದ ಒಂದು ಮೊಳ ದೂರ. ದೊಡ್ಡಕ್ಕನಿಗೂ ನಗು ಬಂತು. ಆದರೆ ಒಳಗೆ ಸಿಟ್ಟು ಕುದಿಯುತ್ತಲೇ ಇತ್ತು. ಮೇಡಂ ಮೇಲೆ, ಅವಳಿಯಮ್ಮನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಫೋನಿನಲ್ಲಿ ಹೂಂ ಅಂದ ತನ್ನ ಮೇಲೆ.

ಮರುದಿನ ಮಧ್ಯಾಹ್ನ ಅವಳು ಒಣಗಿದ ಹಾಸುಬಟ್ಟೆಗಳನ್ನು ತಂದು ಕೂಸುಗಳ ಕೋಣೆಯ ಅರ್ಧಬಾಗಿಲ ಹೊರಗೆ ನಿಂತಳು. ಎಂಟು ತಿಂಗಳ ಗುಂಡ ಅವಳನ್ನು ಕಂಡದ್ದೇ ಬಾಗಿಲಿಗೆ ತೆವಳಿ ಬಂದು, ಕಂಬಿ ಹಿಡಿದು ಎದ್ದು, ಎರಡೂ ಕೈ ಚಾಚಿ ಕಿರುಚತೊಡಗಿದ. ಅವಳ ಹೆಗಲಿಲ್ಲದೆ ಅವನಿಗೆ ನಿದ್ದೆ ಬಂದದ್ದೇ ಇಲ್ಲ. ನಡುವೆ ಇದ್ದದ್ದು ಆ ಅರ್ಧಬಾಗಿಲು ಮಾತ್ರ, ಅವಳ ಸೊಂಟದ ಎತ್ತರ. ದಾಟಿದರೆ ಕೇಳುವವರಿಲ್ಲ ಅಂತ ಅನ್ನಿಸಿತು. ಆದರೆ ಅಧಿಕಾರಿ ಹೇಳದೆ ಕೇಳದೆ ಮತ್ತೆ ಬರುತ್ತೇನೆಂದು ಹೇಳಿ ಹೋಗಿದ್ದಳು. ದೊಡ್ಡಕ್ಕ ಬುಟ್ಟಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು.

ಅವಳಿಯಮ್ಮ ಗುಂಡನನ್ನು ಎತ್ತಿಕೊಂಡು ತಟ್ಟಿದಳು. ಅವನು ಬಿಲ್ಲಿನಂತೆ ಹಿಂದಕ್ಕೆ ಬಾಗಿ ಇನ್ನೂ ಜೋರು ಮಾಡಿದ.

"ಎಡಗಡೆ ಹಾಕ್ಕೋ," ಎಂದಳು ದೊಡ್ಡಕ್ಕ ಹೊರಗಿನಿಂದ. "ಬೆನ್ನು ತಟ್ಬೇಡ, ಕೆಳಗೆ ತಟ್ಟು. ಎರಡು ತಟ್ಟು, ಆಮೇಲೆ ಒಂಚೂರು ಬಿಡು. ನಡೀಬೇಡ, ನಿಂತಲ್ಲೇ ತೂಗು."

ಇವನು ಮಲಗಿದ ಮೇಲೆ ಆ ಗೊಂಬೆ ತಗೊಂಡು ಬಾ, ಕಲಿಯದೆ ಇವತ್ತು ಮನೆಗೆ ಹೋಗುವ ಹಾಗಿಲ್ಲ ಎಂದೂ ಸೇರಿಸಿದಳು. ಅವಳಿಯಮ್ಮ ತಲೆಯಾಡಿಸಿ ಹೇಳಿದಂತೆಯೇ ತಟ್ಟಿದಳು. ಅಳು ಮುಲುಗಾಯಿತು, ಮುಲುಗು ಬಿಕ್ಕಳಿಕೆಯಾಯಿತು. ಗುಂಡನ ಕೈ ಅವಳಿಯಮ್ಮನ ಕತ್ತಿನ ಹಿಂದೆ ಹೋಗಿ ಕೂದಲನ್ನು ಹಿಡಿದುಕೊಂಡಿತು. ದೊಡ್ಡಕ್ಕನ ಹೊಟ್ಟೆ ಉರಿಯಿತು. ಅದು ಹೊಟ್ಟೆಕಿಚ್ಚೇ ಎಂದು ಅವಳಿಗೆ ಗೊತ್ತಾಯಿತು, ನಾಚಿಕೆಯೂ ಆಯಿತು.

"ಸರಿ ಇದ್ಯಾ ಅಕ್ಕಾ?" ಅವಳಿಯಮ್ಮ ಪಿಸುಗುಟ್ಟಿದಳು.

"ಸರಿ ಇದೆ," ಎಂದಳು ದೊಡ್ಡಕ್ಕ. ಅವಳ ದನಿ ಕೇಳಿದರೂ ಗುಂಡ ತಲೆ ತಿರುಗಿಸಲಿಲ್ಲ.